‘ಆಯ್ತಮ್ಮಣ್ಣಿ’ ಎಂದು ನಾನು ಅಂದದ್ದರ ಬಗ್ಗೆ

ಗಿರಣಿಯವನು ಎಂದೇ ಎಲ್ಲರೂ ಕರೆಯುವ ನಾನು, ವಯಸ್ಸು ಐವತ್ತೆಂಟು, ಕಸುಬು ಹಿಟ್ಟಿನ ಗಿರಣಿ ನಡೆಸುವುದು, ವಾಸ ಅದೇ ಗಿರಣಿಯ ಮೇಲಿನ ಮಹಡಿ, ಈ ದಿನ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಹಾಜರಾಗಿ, ಯಾರೂ ಹೇಳಿಕೊಡದೆ ಈ ಮೂಲಕ ತಿಳಿಸುವುದೇನೆಂದರೆ:

ನಾನು ಗಟ್ಟಿಯಾಗಿ ಮಾತಾಡುವುದು ಕೋಪದಿಂದಲ್ಲ. ಮೂವತ್ತು ವರ್ಷ ಗಿರಣಿಯ ಸದ್ದಿನಲ್ಲಿ ನಿಂತವನ ದನಿ ಹಾಗೇ ಇರುತ್ತದೆ. ಬರೆದುಕೊಳ್ಳುತ್ತಿರುವ ಪೇದೆಯವರು ಆಗಲೇ ಎರಡು ಸಲ ಮೆಲ್ಲಗೆ ಮಾತಾಡಿ ಎಂದಿದ್ದಾರೆ. ಪ್ರಯತ್ನ ಮಾಡುತ್ತೇನೆ. ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಚೆನ್ನಾಗಿದೆ. ಇದನ್ನು ಮೊದಲೇ ಬರೆದುಕೊಳ್ಳಿ ಎಂದು ಕೇಳಿಕೊಂಡಿದ್ದೇನೆ, ಏಕೆಂದರೆ ಈ ಪ್ರಕರಣವೆಲ್ಲ ನಾನು ಏನನ್ನು ಕೇಳಿಸಿಕೊಂಡೆ ಎನ್ನುವುದರ ಮೇಲೆ ನಿಂತಿದೆ.

ಹೋದ ತಿಂಗಳು ಇಪ್ಪತ್ತಮೂರನೇ ತಾರೀಖು, ಹೊರದೇಶದಲ್ಲಿ ಓದಲು ಕೊಡುವ ವಿದ್ಯಾರ್ಥಿವೇತನಕ್ಕೆ ನಡೆದ ಸಂದರ್ಶನದಲ್ಲಿ ಮಾತಾಡಿದವಳು ನನ್ನ ಮಗಳೋ ನನ್ನ ಹೆಂಡತಿಯೋ ಎಂದು ನಾನು ಹೇಳಬೇಕಾಗಿದೆ. ನನ್ನ ಮಗಳು ಹೋದ ತಿಂಗಳು ಮೂರನೇ ತಾರೀಖು ತೀರಿಕೊಂಡಳು.

ನನ್ನ ಹೆಂಡತಿ ಇಪ್ಪತ್ತಾರು ವರ್ಷದಿಂದ ಸಿನಿಮಾ, ಧಾರಾವಾಹಿ, ಮಕ್ಕಳ ಕಾರ್ಟೂನುಗಳಿಗೆ ದನಿ ಕೊಡುವ ಕೆಲಸ ಮಾಡುತ್ತಾಳೆ. ಪರದೆಯ ಮೇಲೆ ಬಾಯಿ ಆಡಿಸುವವರು ಬೇರೆ, ಮಾತು ಇವಳದು. ಅವಳಿಗೀಗ ಐವತ್ತೆರಡು. ಆದರೂ ಐದು ವರ್ಷದ ಮಗುವಿನಿಂದ ಹಿಡಿದು ಮದುವೆ ವಯಸ್ಸಿನ ಹುಡುಗಿಯವರೆಗೆ ಯಾವ ದನಿಯನ್ನು ಕೇಳಿದರೂ ತೆಗೆಯುತ್ತಾಳೆ. ಮುಖ ಯಾರಿಗೂ ಗೊತ್ತಿಲ್ಲ. ತರಕಾರಿ ಅಂಗಡಿಯಲ್ಲಿ ಚೌಕಾಸಿಗೆ ನಿಂತಾಗ ಮಾತ್ರ ಜನ ತಿರುಗಿ ನೋಡುತ್ತಾರೆ.

ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ರೆಕಾರ್ಡಿಂಗ್ ಕೋಣೆಯ ಕೆಂಪು ದೀಪ ಹತ್ತಿತೆಂದರೆ ಅದು ಆರುವ ತನಕ ಪಾತ್ರದ ದನಿ ಬಿಟ್ಟು ಹೊರಗೆ ಬರುವಂತಿಲ್ಲ. ಕೆಮ್ಮು ಬಂದರೆ ಪಾತ್ರದ ಕೆಮ್ಮನ್ನೇ ಕೆಮ್ಮಬೇಕು. ಒಂದು ಸಲ ಸ್ಟೂಲಿನ ಕಾಲು ಮುರಿದು ಇವಳು ದೊಪ್ಪನೆ ಬಿದ್ದಳು. ‘ಅಯ್ಯಮ್ಮಾ, ಸೊಂಟ ಹೋಯ್ತು’ ಎಂದು ಅತ್ತದ್ದು ಆರು ವರ್ಷದ ಹುಡುಗನ ದನಿಯಲ್ಲಿ. ಸೌಂಡ್ ಎಂಜಿನಿಯರ್ ಓಡಿಬಂದು ಎತ್ತುವ ಬದಲು ಆ ಟೇಕು ಚೆನ್ನಾಗಿದೆ ಎಂದು ಇಟ್ಟುಕೊಂಡನಂತೆ. ವಾರಗಟ್ಟಲೆ ಸೊಂಟಕ್ಕೆ ಎಣ್ಣೆ ಹಚ್ಚಿದವನು ನಾನು. ಈ ವಿಷಯ ಯಾಕೆ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದರು. ಬೇಕಾಗುತ್ತದೆ, ಬರೆದುಕೊಳ್ಳಿ ಎಂದೆ.

ಮಗಳು ಒಬ್ಬಳೇ. ಮನೆಯಲ್ಲಿ ಅಮ್ಮಣ್ಣಿ ಎಂದು ಕರೆಯುತ್ತಿದ್ದೆವು. ವಯಸ್ಸು ಇಪ್ಪತ್ತಮೂರು. ಅವಳ ಎಳೆತನದ ದನಿ, ಹಲ್ಲು ಬಿದ್ದಾಗಿನ ದನಿ, ಕಾಲೇಜಿನ ದನಿ, ಎಲ್ಲವನ್ನೂ ಅವಳಮ್ಮ ಒಂದೊಂದು ಪಾತ್ರಕ್ಕೆ ಬಳಸಿಕೊಂಡಿದ್ದಾಳೆ. ಟಿವಿಯಲ್ಲಿ ಕೇಳಿದಾಗಲೆಲ್ಲ, ‘ನೋಡಪ್ಪಾ, ನನ್ನ ಗಂಟಲು ಕದ್ದು ಹೆಂಗೆ ಹೆಸರು ಮಾಡ್ಕೊಂಡಿದ್ದಾಳೆ’ ಎಂದು ಮಗಳು ರೇಗಿಸುತ್ತಿದ್ದಳು.

ಕಿವಿ ಕೇಳದವರು ಹಾಕಿಕೊಳ್ಳುವ ಯಂತ್ರಗಳ ವಿಷಯ ಓದಿದ್ದಳು. ಅವನ್ನು ತಯಾರಿಸುವುದನ್ನು ಕಲಿಯಲು ಹೊರದೇಶಕ್ಕೆ ಹೋಗಬೇಕೆಂದು ಹಟ ಹಿಡಿದು ಅರ್ಜಿ ಹಾಕಿದಳು. ವಿದ್ಯಾರ್ಥಿವೇತನ ಕೊಡುವ ಕಚೇರಿ ನಮ್ಮ ಊರಿನದೇ, ಕಳುಹಿಸುವುದು ಮಾತ್ರ ಹೊರಗೆ. ಆ ಅರ್ಜಿಗೆ ಕೇಳಿದ ಕಾಗದ ಒಟ್ಟು ಮಾಡುವಷ್ಟರಲ್ಲಿ ನನ್ನ ಚಪ್ಪಲಿ ಸವೆದವು. ನಾನು ಹುಟ್ಟಿದ್ದಕ್ಕೂ ಪುರಾವೆ ಬೇಕು ಎಂದರು. ಎದುರಿಗೇ ನಿಂತಿದ್ದೀನಲ್ಲ ಸ್ವಾಮಿ ಎಂದರೆ ಅದು ಸಾಲದು ಎಂದರು.

ಕಾಗದ ಒಪ್ಪಿಗೆಯಾದ ಮೇಲೆ ಉಳಿದದ್ದು ಸಂದರ್ಶನ. ಸಂಜೆ ಗಿರಣಿ ಮುಚ್ಚಿ ನಾನು ಮೇಲೆ ಬಂದರೆ ತಾಯಿ ಮಗಳು ತಾಲೀಮು ನಡೆಸುತ್ತಿದ್ದರು. ಹೆಂಡತಿ ಮೂರು ಕುರ್ಚಿ ಹಾಕಿಕೊಂಡು ಮೂರರಲ್ಲೂ ತಾನೇ ಕೂರುತ್ತಿದ್ದಳು. ಒಂದರಲ್ಲಿ ಮೂಗಿನಲ್ಲಿ ಮಾತಾಡುವ ಮುದುಕ, ಇನ್ನೊಂದರಲ್ಲಿ ಅವಸರದ ಅಧಿಕಾರಿ, ಮತ್ತೊಂದರಲ್ಲಿ ಬಹಳ ಮೆತ್ತಗೆ ಮಾತಾಡಿ ಕಾಲೆಳೆಯುವ ಹೆಂಗಸು. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಈ ವಿಷಯವನ್ನೇ ಯಾಕೆ ಓದಬೇಕು ಎಂದು ಮುದುಕ ಕೇಳಿದಾಗ ಮಗಳು ಮೊದಲ ದಿನ, ‘ನಮ್ಮಪ್ಪನ ಎಡಗಿವಿ ರಿಪೇರಿ ಮಾಡೋಕೆ ಸಾರ್’ ಎಂದಳು. ‘ನಿಮ್ಮಪ್ಪನ್ನ ಅತ್ಲಾಗೆ ಬಿಡಮ್ಮ, ನಾಲ್ಕು ಜನಕ್ಕೆ ಏನು ಉಪಯೋಗ ಹೇಳು’ ಎಂದು ಮುದುಕ ಗದರಿದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನಾಲ್ಕು ಜನಕ್ಕೆ ಉಪಯೋಗವಾಗುವ ಉತ್ತರ ಸಿದ್ಧ ಮಾಡಿದರು. ಅದರಲ್ಲಿ ನಾನು ಇರಲಿಲ್ಲ. ಆ ಉತ್ತರಗಳು ಮಗಳಿಗಿಂತ ಚೆನ್ನಾಗಿ ಅವಳಮ್ಮನಿಗೆ ಬಾಯಿಪಾಠವಾಗಿದ್ದವು.

ಹೋದ ತಿಂಗಳಿಗೆ ಹಿಂದಿನ ತಿಂಗಳ ಕೊನೆಯ ವಾರ ಮಗಳಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು. ಸಂದರ್ಶನದ ದಿನ ಗೊತ್ತಾದದ್ದು ಅವಳು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ. ಮೊಬೈಲು ತೋರಿಸಿ, ‘ಇಪ್ಪತ್ತಮೂರಕ್ಕೆ ಅಪ್ಪಾ, ಅಷ್ಟೊತ್ತಿಗೆ ಜ್ವರ ಬಿಟ್ಟಿರುತ್ತೆ’ ಎಂದಳು. ಜ್ವರ ತಲೆಗೇರಿತು. ಮೂರನೇ ತಾರೀಖು ಬೆಳಗಿನ ಆರು ಗಂಟೆಗೆ ಹೋಗಿಬಿಟ್ಟಳು. ಡಾಕ್ಟರರ ತಪ್ಪು ಏನೂ ಇಲ್ಲ. ಇದಕ್ಕಿಂತ ಹೆಚ್ಚು ಇದರ ಬಗ್ಗೆ ಹೇಳಲಾರೆ.

ವಿದ್ಯಾರ್ಥಿವೇತನದ ಕಚೇರಿಗೆ ನಾವು ಯಾರೂ ತಿಳಿಸಲಿಲ್ಲ. ಅದು ನೆನಪಿಗೇ ಬರಲಿಲ್ಲ. ಹೆಂಡತಿ ಸ್ಟುಡಿಯೋಗೆ ಹೋಗುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಹೂಂ, ಉಹೂಂ ಎರಡರಲ್ಲೇ ದಿನ ಕಳೆಯುತ್ತಿತ್ತು. ಮಗಳ ಮೊಬೈಲನ್ನು ಮಾತ್ರ ದಿನವೂ ಚಾರ್ಜಿಗೆ ಹಾಕುತ್ತಿದ್ದಳು. ನಾನು ನೋಡಿಯೂ ಯಾಕೆ ಎಂದು ಕೇಳಲಿಲ್ಲ.

ಇಪ್ಪತ್ತಮೂರನೇ ತಾರೀಖು ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ ಗಿರಣಿಯ ಬೆಲ್ಟು ಕಿತ್ತುಹೋಯಿತು. ಬೀದಿಯೆಲ್ಲ ಒಮ್ಮೆಗೇ ನಿಶ್ಶಬ್ದವಾಯಿತು. ಹಿಟ್ಟು ಕೊಡವಿಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲು ದಾಟುವಾಗ ಬಲಗಡೆಯ ಕೋಣೆಯಿಂದ ಮಗಳು ಮಾತಾಡುತ್ತಿರುವುದು ಕೇಳಿಸಿತು. ಅದು ಅವಳ ಕೋಣೆ. ಬಾಗಿಲು ಮುಚ್ಚಿತ್ತು. ಮಾತು ಏನೆಂದು ಬಿಡಿಸಿ ಕೇಳಲಿಲ್ಲ, ದನಿ ಮಾತ್ರ ಕೇಳಿಸಿತು.

ಮೆಟ್ಟಿಲು ಹತ್ತಿ ಬಂದವನು ಒಳಗೆ ಕಾಲಿಡುವಾಗ ನೀರು ಕೇಳುವುದು ನನ್ನ ಹಳೇ ಅಭ್ಯಾಸ. ಆ ಅಭ್ಯಾಸದಲ್ಲಿಯೇ, ‘ಅಮ್ಮಣ್ಣಿ, ಒಂದು ಲೋಟ ನೀರು ಕೊಡಮ್ಮ’ ಎಂದು ಕೂಗಿದೆ.

ಒಳಗಿಂದ, ‘ಅಪ್ಪಾ, ಇಂಟರ್‌ವ್ಯೂ ನಡೀತಾ ಇದೆ, ಹತ್ತು ನಿಮಿಷ ಸುಮ್ನಿರು’ ಎಂದು ಉತ್ತರ ಬಂತು.

ನಾನು, ‘ಆಯ್ತಮ್ಮಣ್ಣಿ’ ಎಂದೆ.

ಈ ಒಂದು ಮಾತಿಗಾಗಿ ನನ್ನನ್ನು ಇಲ್ಲಿಗೆ ಕರೆಸಿದ್ದಾರೆ. ಸಂದರ್ಶನದ ರೆಕಾರ್ಡಿಂಗಿನಲ್ಲಿ ಇದು ಸ್ಪಷ್ಟವಾಗಿ ಕೇಳುತ್ತದೆ. ಒಳಗಿದ್ದವಳು ಹೆಂಡತಿ ಎಂದು ಗೊತ್ತಿದ್ದೂ ನಾನು ನಾಟಕಕ್ಕೆ ಸೇರಿಕೊಂಡೆ ಎಂದು ಸಾಹೇಬರು ಹೇಳುತ್ತಾರೆ. ಹಾಗಲ್ಲ. ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೆ ಮಗಳು ಸತ್ತದ್ದೇ ನೆನಪಿರಲಿಲ್ಲ. ಇಂಟರ್‌ವ್ಯೂ ದಿನ ಕೂಗಿಬಿಟ್ಟೆನಲ್ಲ, ಬೈಸಿಕೊಳ್ಳಬೇಕಾಗುತ್ತದೆ ಎಂದು ನಾಲಿಗೆ ಕಚ್ಚಿಕೊಂಡು ಹೊರಗಿನ ಸ್ಟೂಲಿನ ಮೇಲೆ ಸದ್ದಿಲ್ಲದೆ ಕೂತೆ. ಮನಸ್ಸು ಬಹಳ ಹಗುರವಾಗಿತ್ತು. ಎಷ್ಟು ಹೊತ್ತು ಕೂತೆನೋ ಅಷ್ಟು ಹೊತ್ತು ನನ್ನ ಮಗಳು ಸತ್ತಿರಲಿಲ್ಲ. ಬೇಕಾದರೆ ಹೀಗೆಯೇ ಬರೆದುಕೊಳ್ಳಿ.

ಆಮೇಲೆ ಕಣ್ಣು ಚಪ್ಪಲಿ ಬಿಡುವ ಜಾಗಕ್ಕೆ ಹೋಯಿತು. ಎರಡೇ ಜೊತೆ ಇದ್ದವು. ಮೂರನೆಯದನ್ನು ಆಸ್ಪತ್ರೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದು ಅಟ್ಟಕ್ಕೆ ಹಾಕಿದವನು ನಾನೇ. ಒಳಗೆ ದನಿ ಇನ್ನೂ ಮಾತಾಡುತ್ತಲೇ ಇತ್ತು, ನಡುವೆ ನಗುತ್ತಿತ್ತು. ಎದ್ದು ಹೋಗಿ ಬಾಗಿಲು ತಟ್ಟಲು ಧೈರ್ಯ ಬರಲಿಲ್ಲ. ನಿಜ ಹೇಳಬೇಕೆಂದರೆ ಧೈರ್ಯದ ಪ್ರಶ್ನೆಯೂ ಅಲ್ಲ. ತಟ್ಟಿದರೆ ನಿಂತುಹೋಗುತ್ತದಲ್ಲ ಎಂದು ತಟ್ಟಲಿಲ್ಲ.

ಹನ್ನೊಂದೂವರೆಗೆ ಬಾಗಿಲು ತೆರೆಯಿತು. ಹೆಂಡತಿ ಹೊರಗೆ ಬಂದಳು. ಹೆಡ್‌ಫೋನಿನ ಗುರುತು ಕೂದಲ ಮೇಲೆ ಹಾಗೇ ಇತ್ತು. ನನ್ನನ್ನು ನೋಡಿ, ‘ನೀರು ಕೇಳಿದ್ಯಲ್ಲಪ್ಪಾ’ ಎಂದು ಮಗಳ ದನಿಯಲ್ಲೇ ಹೇಳಿದಳು. ಹೇಳಿದ ಮೇಲೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ನಾನು ಹೋಗಿ ನೀರು ತಂದು ಅವಳಿಗೆ ಕುಡಿಸಿದೆ. ಅರ್ಧ ಲೋಟ ಕುಡಿದು ಕೆಮ್ಮಿದಳು. ಆ ಕೆಮ್ಮು ಅವಳದಾಗಿತ್ತು.

ಯಾಕೆ ಮಾಡಿದೆ ಎಂದು ಕೇಳಿದೆ. ಮೊಬೈಲು ಹೊಡೆದುಕೊಂಡಿತು, ವಿಷಯ ತಿಳಿಸೋಣವೆಂದೇ ಎತ್ತಿಕೊಂಡೆ ಎಂದಳು. ಆ ಕಡೆಯವರು, ನೆಟ್‌ವರ್ಕ್ ಸರಿಯಿಲ್ಲ, ಮುಖ ಬೇಡ, ದನಿಯೊಂದು ಸಾಕು, ಹೆಡ್‌ಫೋನ್ ಹಾಕಿಕೊಳ್ಳಿ, ರೆಕಾರ್ಡಿಂಗ್ ಶುರುವಾಗಿದೆ, ರೆಡಿನಾ ಎಂದು ಒಂದೇ ಉಸಿರಿಗೆ ಕೇಳಿದರಂತೆ. ‘ರೆಕಾರ್ಡಿಂಗ್ ಅಂದ್ರು ರೀ. ಬಾಯಿ ತೆಗೆದೆ, ಅವಳ ದನಿ ಬಂತು. ಶುರುವಾದ್ಮೇಲೆ ನಿಲ್ಸೋಕೆ ನನಗೆ ಬರಲ್ಲ’ ಎಂದಳು. ಸ್ಟೂಡಿಯೋದಲ್ಲಿ ಸ್ಟೂಲಿನಿಂದ ಬಿದ್ದ ವಿಷಯ ಮೊದಲೇ ಹೇಳಿದ್ದು ಇದಕ್ಕೆ. ಬೇರೆ ಯಾರೇ ಆಗಿದ್ದರೂ ನಾನು ಕೂಗಿದ ಕೂಡಲೇ ತಡವರಿಸಿ ಸಿಕ್ಕಿಬೀಳುತ್ತಿದ್ದರು. ಇವಳು ಸಿಕ್ಕಿಬೀಳಲಿಲ್ಲ.

ನಾವು ಈ ಮಾತನ್ನು ಮತ್ತೆ ಎತ್ತಲಿಲ್ಲ. ಅಷ್ಟು ಜನ ಅರ್ಜಿ ಹಾಕಿರುತ್ತಾರೆ, ಇದು ಎಲ್ಲಿ ಆಗುತ್ತದೆ, ತಾನಾಗಿ ಮರೆತುಹೋಗುತ್ತದೆ ಎಂದುಕೊಂಡಿದ್ದೆ.

ಈ ತಿಂಗಳು ಹನ್ನೆರಡನೇ ತಾರೀಖು ಮಧ್ಯಾಹ್ನ ಗಿರಣಿಯ ಫೋನಿಗೆ ಕರೆ ಬಂತು. ಅರ್ಜಿಯಲ್ಲಿ ತಂದೆಯ ಸಂಖ್ಯೆ ಎಂದು ಅದನ್ನು ಕೊಟ್ಟಿದ್ದೆವು. ಗಿರಣಿ ಓಡುತ್ತಿತ್ತು. ಬಲಗಿವಿಗೆ ಒತ್ತಿ ಹಿಡಿದೆ. ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ, ಮೊದಲನೆಯವಳು, ಅವಳ ಕೈಗೆ ಫೋನ್ ಕೊಡಿ, ಶುಭಾಶಯ ಹೇಳುತ್ತೇವೆ ಎಂದರು. ಎಲ್ಲಿತ್ತೋ ಸಿಟ್ಟು. ‘ಯಾರ ಕೈಗಮ್ಮ ಕೊಡ್ಲಿ, ಅವಳು ಸತ್ತು ನಲವತ್ತು ದಿನ ಆಯ್ತು’ ಎಂದು ಕಿರುಚಿದೆ. ಹಿಟ್ಟಿಗೆ ನಿಂತಿದ್ದವರೆಲ್ಲ ಚೀಲ ಕೆಳಗಿಟ್ಟರು.

ಕಚೇರಿಯವರು ದಿನ ಲೆಕ್ಕ ಹಾಕಿ ನೋಡಿ ದೂರು ಕೊಟ್ಟದ್ದು ಸರಿಯೇ. ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿದ್ದೆ. ನಿನ್ನೆ ನನ್ನ ಹೆಂಡತಿಯನ್ನು ಕರೆಸಿ, ರೆಕಾರ್ಡಿಂಗ್ ಹಾಕದೆಯೇ ಕೇಳಿದಾಗ ಅದು ತನ್ನ ದನಿಯಲ್ಲ, ಮಗಳದೇ ಎಂದು ಹೇಳಿದಳಂತೆ. ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿದಳಂತೆ. ರಾತ್ರಿ ಮನೆಯಲ್ಲಿ ನಾನು ಕೇಳಿದ್ದಕ್ಕೆ ಗೋಡೆ ಕಡೆ ತಿರುಗಿ ಮಲಗಿದಳು.

ಈ ದಿನ ಠಾಣೆಯಲ್ಲಿ ಸಂದರ್ಶನ ನಡೆಸಿದ ಮೇಡಂ ಕೂಡ ಇದ್ದರು. ನರೆತ ಕೂದಲಿನ, ಮೆತ್ತಗೆ ಮಾತಾಡುವ ಹೆಂಗಸು. ನಮ್ಮ ಮನೆಯ ಮೂರನೇ ಕುರ್ಚಿಯವಳಂತೆಯೇ ಇದ್ದರು. ನನ್ನ ಕೈ ಹಿಡಿದು, ಇಂಥ ವಿಷಯಕ್ಕೆ ಬರಬೇಕಾಯಿತು ಎಂದು ಬೇಸರ ಮಾಡಿಕೊಂಡರು. ನಿನ್ನೆ ನಿಮ್ಮ ಹೆಂಡತಿಗೂ ಹೇಳಿದೆ, ಎರಡನೆಯವಳಾಗಿ ಒಬ್ಬ ಡ್ರೈವರನ ಮಗಳಿದ್ದಾಳೆ, ಈ ವಿಷಯ ತೀರ್ಮಾನವಾಗದೆ ಜಾಗವನ್ನು ಅವಳಿಗೆ ಕೊಡುವಂತಿಲ್ಲ, ಈ ವಾರ ದಾಟಿದರೆ ಯಾರಿಗೂ ಇಲ್ಲವಾಗುತ್ತದೆ, ಆ ಹುಡುಗಿ ದಿನಕ್ಕೆರಡು ಸಲ ಫೋನ್ ಮಾಡುತ್ತಾಳೆ ಎಂದರು. ನನ್ನ ಮಗಳೂ ಹಾಗೇ ಮಾಡುತ್ತಿದ್ದಳು.

ಇನ್‌ಸ್ಪೆಕ್ಟರ್ ಸಾಹೇಬರು ಸುತ್ತಿ ಬಳಸಿ ಮಾತಾಡಲಿಲ್ಲ. ದನಿ ಹೆಂಡತಿಯದು ಎಂದರೆ ಅವಳ ಮೇಲೆ ಕೇಸು, ಮಗಳದು ಎಂದರೆ ಸುಳ್ಳು ಹೇಳಿಕೆಗೆ ನನ್ನ ಮೇಲೆ ಕೇಸು ಎಂದರು. ರೆಕಾರ್ಡಿಂಗ್ ಪೂರ್ತಿ ಕೇಳಿ ಹೇಳಿ ಎಂದು ಹೆಡ್‌ಫೋನ್ ಕೊಟ್ಟರು. ನಾನು ಮೂಲೆಯ ಕುರ್ಚಿಯಲ್ಲಿ ಎಡಗಡೆ ಗೋಡೆಗೆ ಒತ್ತಿಕೊಂಡು ಕೂತೆ. ಎಲ್ಲ ಕಡೆಯೂ ನಾನು ಹಾಗೇ ಕೂರುವುದು, ಮಾತಾಡುವವರು ಬಲಗಡೆ ಬರಲಿ ಎಂದು.

ಅಂದು ಬಾಗಿಲಾಚೆ ದನಿ ಕೇಳಿತ್ತು, ಮಾತು ಇಂದು ಕೇಳಿದೆ. ಮೊದಲ ಉತ್ತರಗಳೆಲ್ಲ ತಾಲೀಮಿನವೇ, ಒಂದಕ್ಷರ ಆಚೀಚೆ ಇಲ್ಲ. ನಾನು ನೀರು ಕೇಳಿದ್ದು ಬಂತು. ಅವಳು ಸುಮ್ಮನಿರು ಎಂದದ್ದು ಬಂತು. ನಾನು ಅಂದದ್ದೂ ಬಂತು. ಅದಾದ ಮೇಲೆ ಮೇಡಂ ನಕ್ಕು, ಅಪ್ಪನ ದನಿ ಜೋರಾಗಿದೆ, ಬರೆದದ್ದನ್ನು ಬಿಟ್ಟು ಮನಸ್ಸಿನಿಂದ ಹೇಳಮ್ಮ, ಈ ವಿಷಯವೇ ಯಾಕೆ ಎಂದು ಕೇಳಿದರು.

ಅದಕ್ಕೆ ಕೊಟ್ಟ ಉತ್ತರವನ್ನು ಕೇಳಿದಂತೆಯೇ ಬರೆಸುತ್ತಿದ್ದೇನೆ. ‘ನಮ್ಮಪ್ಪನಿಗೆ ಎಡಗಿವಿ ಕೇಳಲ್ಲ ಮೇಡಂ. ಆ ಕಡೆಯಿಂದ ಎಷ್ಟು ಕೂಗಿದ್ರೂ ಗೊತ್ತಾಗಲ್ಲ. ಚಿಕ್ಕವಳಿದ್ದಾಗ ಗಿರಣಿ ಬಾಗಿಲಲ್ಲಿ ನನ್ನನ್ನ ಕಾವಲಿಗೆ ಕೂರಿಸಿ ಸಿಗರೇಟು ಸೇದ್ತಿದ್ರು. ಅಮ್ಮ ಬರೋದು ಕಂಡ್ರೆ ಎಡಹೆಗಲಿಗೆ ಎರಡು ಸಲ ತಟ್ತಿದ್ದೆ, ತಕ್ಷಣ ಆರಿಸಿಬಿಡೋರು. ನಾನು ಮೊದಲು ಕಂಡುಹಿಡಿದ ಕಿವಿಯಂತ್ರ ಅದೇ.’

ಇದು ನಿಜ. ಹೆಂಡತಿಗೆ ಸಿಗರೇಟು ಬಿಟ್ಟಿದ್ದೇನೆಂದು ಮಾತು ಕೊಟ್ಟಿದ್ದೆ. ಬಿಟ್ಟಿರಲಿಲ್ಲ. ಅದು ನನಗೂ ಮಗಳಿಗೂ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಯಾರಿಗೂ ಹೇಳಬಾರದೆಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದೆ. ತಾಲೀಮಿನಲ್ಲಿ ಒಂದು ದಿನವೂ ಈ ಮಾತು ಬಂದಿಲ್ಲ.

ಅದನ್ನು ಕೇಳುತ್ತಿರುವಾಗ, ಹನ್ನೊಂದು ಗಂಟೆ ಐದು ನಿಮಿಷಕ್ಕೆ, ನನ್ನ ಎಡಹೆಗಲಿಗೆ ಯಾರೋ ಎರಡು ಸಲ ತಟ್ಟಿದರು. ನನ್ನ ಬಲಗೈ ತಾನಾಗಿಯೇ ಕೆಳಗೆ ಹೋಗಿ ಇಲ್ಲದ ಸಿಗರೇಟನ್ನು ಕುರ್ಚಿಯ ಕಾಲಿಗೆ ಉಜ್ಜಿತು. ಇದನ್ನು ಪೇದೆಯವರು ನೋಡಿದ್ದಾರೆ, ಬೇಕಾದರೆ ಕೇಳಿ. ತಿರುಗಿ ನೋಡಿದೆ. ಎಡಗಡೆ ಗೋಡೆ ಇತ್ತು. ತಲೆ ಎತ್ತಿದರೆ ಠಾಣೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಅವಳನ್ನು ಯಾರೂ ಕರೆಸಿರಲಿಲ್ಲ.

ಹೆಡ್‌ಫೋನ್ ತೆಗೆದು, ಎಡಹೆಗಲಿಗೆ ತಟ್ಟುವ ವಿಷಯ ನಿನಗೆ ಯಾರು ಹೇಳಿದರು ಎಂದು ಅವಳನ್ನು ಕೇಳಿದೆ. ಯಾವ ಹೆಗಲು ಎಂದಳು. ಸಾಹೇಬರು ಆ ಭಾಗವನ್ನು ಎಲ್ಲರಿಗೂ ಕೇಳುವಂತೆ ಹಾಕಿದರು. ಅವಳು ನಿಂತಲ್ಲೇ ನಿಂತು ಕೊನೆಯವರೆಗೆ ಕೇಳಿದಳು. ಮುಖ ಕೆಂಪಾಯಿತು. ‘ಹಾಗಾದ್ರೆ ನೀವು ಸೇದೋದು ಬಿಟ್ಟೇ ಇರಲಿಲ್ವಾ’ ಎಂದು ಎಲ್ಲರ ಮುಂದೆ ಕೇಳಿದಳು. ನಾಟಕದ ಮಾತಲ್ಲ ಅದು. ಅವಳ ಜೊತೆ ಮೂವತ್ತು ವರ್ಷ ಬಾಳಿದವನು ನಾನು, ಅವಳ ನಿಜವಾದ ಸಿಟ್ಟು ನನಗೆ ಗೊತ್ತು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, ‘ಇದನ್ನ ನಾನು ಅಂದಿಲ್ಲ ರೀ. ನಿನ್ನೆಯಿಂದ ಅದನ್ನೇ ಹೇಳ್ತಾ ಇದ್ದೀನಿ’ ಎಂದಳು.

ಮೇಡಂ ಕಣ್ಣು ಒರೆಸಿಕೊಂಡರು. ಹೆಂಡತಿಯೇ, ‘ಮಿಕ್ಕಿದ್ದೆಲ್ಲ ನಂದೇ. ಬರೆಸಿಬಿಡಿ. ಆ ಹುಡುಗಿ ಕಾಯ್ತಾ ಇದೆಯಂತಲ್ಲ’ ಎಂದಳು.

ಆದ್ದರಿಂದ ಕೇಳಿದ್ದಕ್ಕೆ ನನ್ನ ಉತ್ತರ: ನನ್ನ ಮಗಳು ಹೋದ ತಿಂಗಳು ಮೂರನೇ ತಾರೀಖು ಸತ್ತಿದ್ದಾಳೆ. ಇಪ್ಪತ್ತಮೂರನೇ ತಾರೀಖು ಮಾತಾಡಿದವಳು ನನ್ನ ಹೆಂಡತಿ. ಆ ಜಾಗ ಡ್ರೈವರನ ಮಗಳಿಗೆ ಸೇರಬೇಕು, ಇವತ್ತೇ ತಿಳಿಸಿ. ಕೇಸು ಹಾಕುವುದಾದರೆ ಇಬ್ಬರ ಮೇಲೂ ಹಾಕಿ, ಆಯ್ತು ಎಂದವನು ನಾನು. ಹೆಗಲಿಗೆ ತಟ್ಟುವ ವಿಷಯ ಹೇಳಿದ ಆ ನಾಲ್ಕೈದು ವಾಕ್ಯ ಮಾತ್ರ ಯಾರದೆಂದು ನಾನು ಹೇಳಲಾರೆ. ಅದೂ ಹೆಂಡತಿಯದೇ ಎಂದು ಬರೆಯಲು ಸಾಹೇಬರು ಹೇಳಿದರು. ಹಾಗೆ ಬರೆದರೆ ಸಹಿ ಹಾಕುವುದಿಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿ, ಕಾಗದದಲ್ಲಿ ಆ ಸಾಲಿನ ಜಾಗ ಖಾಲಿ ಬಿಡಿ ಎಂದು ಪೇದೆಯವರಿಗೆ ಹೇಳಿದರು.

ಇದನ್ನೆಲ್ಲ ಪೇದೆಯವರು ನನ್ನ ಬಲಗಡೆ ಕುರ್ಚಿ ಎಳೆದುಕೊಂಡು ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಸೇರಿಸಿದ್ದಿಲ್ಲ, ಬಿಟ್ಟದ್ದಿಲ್ಲ. ಎಡಗಡೆ ಯಾರೂ ಇರಲಿಲ್ಲ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದರು. ಅದನ್ನು ನಾನು ಹೊಡೆದುಹಾಕಿಸಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಒಳಗಿನ ಕೋಣೆ
ದಿನಾಂಕ: ಈ ತಿಂಗಳು ಹದಿನೆಂಟು, ಮಧ್ಯಾಹ್ನ ಹನ್ನೆರಡೂವರೆ
ಸಹಿ: ಗಿರಣಿಯವನು, ಅಮ್ಮಣ್ಣಿಯ ಅಪ್ಪ